ಟೊಮೆಟೊ ರೇಟಿನ ಪುಟಕ್ಕೆ ತಾರೀಖು ಹಾಕಬೇಕು, ಸರಳವಾದ ಪ್ಲಗಿನ್ ಯಾವುದಿದೆ?

ಕೋಲಾರದ ರೈತನ ಮಗ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ತಾಲ್ಲೂಕಿನವನು. ಏಳೆಂಟು ಹಳ್ಳಿಯ ರೈತರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅದರ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿದೆ. ಕೋಡ್ ಬರೆಯುವುದು ನನಗೆ ಬರುವುದಿಲ್ಲ, ಪ್ಲಗಿನ್, ಅಂದರೆ ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ, ಹಾಕುವುದು ಬರುತ್ತದೆ.

ಅದರಲ್ಲಿ ಟೊಮೆಟೊ ರೇಟಿನ ಪುಟ ಇದೆ. ಹರಾಜು ಮುಗಿದ ಮೇಲೆ 15 ಕೆಜಿ ಬಾಕ್ಸಿಗೆ ಮೇಲಿನ ರೇಟು ಎಷ್ಟು, ಕೆಳಗಿನ ರೇಟು ಎಷ್ಟು ಅಂತ ಹಾಕುತ್ತೇನೆ. ಪುಟದಲ್ಲಿ ತಾನಾಗಿ ಬರುವ ತಾರೀಖು ಇಲ್ಲ.

2023ರ ಜುಲೈ ನಿಮಗೆ ನೆನಪಿರಬಹುದು. ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗಸ್ಟಿನಲ್ಲಿ ಇಳಿಯಿತು, ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತು. ನಡುವಿನ ಯಾವುದೋ ದಿನ ನಮ್ಮ ಪುಟವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಬಿಟ್ಟಿದ್ದರು. ಅದು ವಾರಗಟ್ಟಲೆ ಓಡಾಡಿತು. ಚಿಕ್ಕಪ್ಪನ ಊರಿನ ಒಬ್ಬರು ಅದನ್ನು ನೋಡಿ, ಇವತ್ತಿನ ರೇಟೇ ಇರಬೇಕು ಅಂದುಕೊಂಡು, ಆಳು ಕರೆದು ಹಣ್ಣು ಬಿಡಿಸಿ, ಗಾಡಿ ಬಾಡಿಗೆಗೆ ತೆಗೆದುಕೊಂಡು ಮಂಡಿಗೆ ಬಂದರು. ಹರಾಜು ಆದ ಮೇಲೆ ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ನಿಮ್ ಪುಟದಾಗೆ ಹಂಗೆ ಇತ್ತಲ್ಲಪ್ಪ" ಅಂದರು ಅಷ್ಟೇ. ಗಾಡಿ ಬಾಡಿಗೆ, ಆಳಿನ ಕೂಲಿ ಕಳೆದರೆ ಕೈಗೆ ಏನೂ ಉಳಿದಿರಲಿಲ್ಲ.

ಆ ಮಾತು ಇನ್ನೂ ಕಿವಿಯಲ್ಲಿದೆ. ಆಗಿನಿಂದ ಕೈಯಲ್ಲೇ ತಾರೀಖು ಬರೆಯುತ್ತಾ ಬಂದೆ. ಆದರೆ ಕೆಲವು ದಿನ ರೇಟು ಬದಲಿಸಿ ತಾರೀಖು ಮರೆತುಬಿಡುತ್ತೇನೆ. ಅದು ಇನ್ನೂ ಕೆಟ್ಟದ್ದು, ಅಲ್ವಾ? ತಾನಾಗೇ ತಾರೀಖು ತೋರಿಸುವಂಥದ್ದು ಬೇಕು. ಯಾವುದು ಹಾಕಲಿ?

ಚಿಂತಾಮಣಿ ಕೀಲಿಮಣೆ

ನಮಸ್ಕಾರ ಅಣ್ಣ. ಒಳ್ಳೆಯ ಸುದ್ದಿ ಏನೆಂದರೆ, ನಿಮಗೆ ಬೇಕಾದ ಮಾಹಿತಿ ವರ್ಡ್‌ಪ್ರೆಸ್ ಹತ್ತಿರ ಈಗಾಗಲೇ ಇದೆ. ಪ್ರತಿ ಪುಟಕ್ಕೂ ಅದು ಎರಡು ತಾರೀಖು ಇಟ್ಟುಕೊಂಡಿರುತ್ತದೆ. ಒಂದು ಪ್ರಕಟವಾದ ದಿನ, ಇನ್ನೊಂದು ಕೊನೆಯ ಸಲ ಸೇವ್ ಮಾಡಿದ ದಿನ. ಎರಡನೆಯದನ್ನು ಹೆಚ್ಚಿನ ಥೀಮ್‌ಗಳು, ಅಂದರೆ ಸೈಟಿಗೆ ರೂಪ ಕೊಡುವ ವಿನ್ಯಾಸಗಳು, ತೋರಿಸುವುದಿಲ್ಲ. ಪ್ಲಗಿನ್ ಮಾಡುವ ಕೆಲಸ ಅಷ್ಟೇ: ಒಳಗೆ ಕೂತಿರುವುದನ್ನು ಹೊರಗೆ ತಂದು ತೋರಿಸುತ್ತದೆ.

ಡ್ಯಾಶ್‌ಬೋರ್ಡ್‌ನಲ್ಲಿ ಪ್ಲಗಿನ್ಸ್, ಅಲ್ಲಿ ಆ್ಯಡ್ ನ್ಯೂ. ಹುಡುಕುವ ಜಾಗದಲ್ಲಿ ಲಾಸ್ಟ್ ಮಾಡಿಫೈಡ್ ಅಂತ ಕೊಡಿ. ಹಲವು ಬರುತ್ತವೆ. ಡಬ್ಲ್ಯೂಪಿ ಲಾಸ್ಟ್ ಮಾಡಿಫೈಡ್ ಇನ್ಫೋ ಅನ್ನುವುದನ್ನು ನಾನು ಎರಡು ಸೈಟಿಗೆ ಹಾಕಿದ್ದೇನೆ. ತಾರೀಖನ್ನು ಬರಹದ ಮೇಲೆ ತೋರಿಸಬೇಕಾ ಕೆಳಗೆ ತೋರಿಸಬೇಕಾ ಅಂತ ಕೇಳುತ್ತದೆ. ಬೇಕಾದ ಜಾಗದಲ್ಲಿ ಮಾತ್ರ ಬರಲಿ ಅಂದರೆ ಪುಟದೊಳಗೆ ಬರೆಯುವ ಸಣ್ಣ ಸೂಚನೆ, ಶಾರ್ಟ್‌ಕೋಡ್, ಇದೆ. "ಲಾಸ್ಟ್ ಅಪ್‌ಡೇಟೆಡ್" ಅನ್ನುವ ಮಾತಿನ ಬದಲು ನಮ್ಮ ಕನ್ನಡದ ಮಾತು ಹಾಕಿಕೊಳ್ಳಬಹುದು.

ಯಾವ ಪ್ಲಗಿನ್ ಆದರೂ ಹಾಕುವ ಮೊದಲು ಆ ಪ್ಲಗಿನ್‌ನ ಪುಟದಲ್ಲೇ ಅದು ಕೊನೆಗೆ ಯಾವಾಗ ಬದಲಾಗಿದೆ ನೋಡಿ. ವರ್ಡ್‌ಪ್ರೆಸ್‌ನ ಕೊನೆಯ ಮೂರು ದೊಡ್ಡ ಆವೃತ್ತಿಗಳ ಜೊತೆ ಪರೀಕ್ಷೆ ಆಗದಿದ್ದರೆ ಅಲ್ಲೇ ಎಚ್ಚರಿಕೆ ಬರೆದಿರುತ್ತಾರೆ. ಅಂಥದ್ದು ಬೇಡ.

ಥೀಮ್‌ನ ಫಂಕ್ಷನ್ಸ್ ಫೈಲಿನಲ್ಲಿ ನಾಲ್ಕು ಸಾಲು ಕೋಡ್ ಹಾಕಿ ಅಂತ ಯಾರಾದರೂ ಹೇಳಬಹುದು. ಕೆಲಸ ಮಾಡುತ್ತದೆ. ಆದರೆ ಥೀಮ್ ಅಪ್‌ಡೇಟ್ ಆದ ದಿನ ಆ ಸಾಲು ಅಳಿಸಿಹೋಗುತ್ತದೆ. ನಿಮಗೆ ಪ್ಲಗಿನ್ನೇ ಸರಿ.

ಹೂವಿನ ಮಂಡಿ

ನಾನು ಚಿಕ್ಕಬಳ್ಳಾಪುರದವಳು. ಸೇವಂತಿಗೆ, ಗುಲಾಬಿ ರೇಟು ಹಾಕುತ್ತೇನೆ. ಮನೆಯವರು ಮಾರುಕಟ್ಟೆಯಿಂದ ಫೋನ್ ಮಾಡುತ್ತಾರೆ, ನಾನು ಬೆಳಗಿನ ಜಾವ 4 ಗಂಟೆಗೆ ಎದ್ದು ಪುಟ ಬದಲಿಸುತ್ತೇನೆ.

ತಮ್ಮಾ, ಪ್ಲಗಿನ್ ಹಾಕಿದ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಜನರಲ್ ತೆಗೆದು ಟೈಮ್‌ಝೋನ್ ನೋಡು. ನನಗೆ ಇದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ನನ್ನ ಪುಟದಲ್ಲಿ ಯಾವಾಗಲೂ ಹಿಂದಿನ ದಿನದ ತಾರೀಖು ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಹಾಕಿದ ರೇಟಿಗೆ ಭಾನುವಾರ ಅಂತ ಇರುತ್ತಿತ್ತು. ಹಳೇ ರೇಟು ಅಂತ ಜನ ಬಿಟ್ಟುಹೋಗುತ್ತಿದ್ದರು.

ಕಾರಣ ಇಷ್ಟೇ. ಟೈಮ್‌ಝೋನ್ ಬದಲಿಸದೆ ಹಾಗೇ ಬಿಟ್ಟಿದ್ದರೆ ಸೈಟು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯದ, ಲೆಕ್ಕದಲ್ಲಿ ಓಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ನಮಗೆ ಬೆಳಿಗ್ಗೆ 4 ಆದಾಗ ಅಲ್ಲಿ ಇನ್ನೂ ಹಿಂದಿನ ರಾತ್ರಿ 10.30. ರಾತ್ರಿ 12ರಿಂದ ಬೆಳಿಗ್ಗೆ 5.30ರ ಒಳಗೆ ಏನು ಸೇವ್ ಮಾಡಿದರೂ ನಿನ್ನೆಯದಾಗಿಬಿಡುತ್ತದೆ. ಪಟ್ಟಿಯಲ್ಲಿ ಕೋಲ್ಕತ್ತಾ ಅಂತ ಆರಿಸಿಕೊಂಡರೆ ಆಯಿತು. ಹಳೆಯ ಪುಟಗಳ ತಾರೀಖು ಮಾತ್ರ ತಾನಾಗಿ ಸರಿಹೋಗುವುದಿಲ್ಲ, ಇನ್ನೊಮ್ಮೆ ಸೇವ್ ಮಾಡಬೇಕು.

ಕೋಲಾರದ ರೈತನ ಮಗ

ಅಕ್ಕ, ತುಂಬ ಉಪಕಾರ. ನೋಡಿದೆ, ನನ್ನದೂ ಯುಟಿಸಿಯಲ್ಲೇ ಇತ್ತು. ನಾನು ಮಧ್ಯಾಹ್ನ ಹಾಕುವುದರಿಂದ ಗೊತ್ತಾಗಿರಲಿಲ್ಲ. ಬದಲಿಸಿದೆ.

ಪ್ಲಗಿನ್ ಹಾಕಿದೆ. ಈಗ ಬೇರೆ ತೊಂದರೆ. ಇವತ್ತೇ ರೇಟು ಬದಲಿಸಿದ್ದೇನೆ, ಆದರೆ ಪುಟದ ಮೇಲೆ ಮೂರು ತಿಂಗಳ ಹಿಂದಿನ ತಾರೀಖು ಬರುತ್ತಿದೆ. ಇದು ಟೈಮ್‌ಝೋನಿನ ತಪ್ಪಲ್ಲ ಅಲ್ವಾ? ಇದನ್ನು ನೋಡಿದರೆ ಯಾರೂ ನಂಬುವುದಿಲ್ಲ. ಸದ್ಯಕ್ಕೆ ಪ್ಲಗಿನ್ ಆಫ್ ಮಾಡಿದ್ದೇನೆ.

ಚಿಂತಾಮಣಿ ಕೀಲಿಮಣೆ

ರೇಟಿನ ಕೋಷ್ಟಕ ಯಾವುದರಲ್ಲಿ ಮಾಡಿದ್ದೀರಿ? ಪುಟದೊಳಗೇ ಬರೆದಿದ್ದೀರಾ, ಟೇಬಲ್‌ಪ್ರೆಸ್‌ನಂಥ ಕೋಷ್ಟಕದ ಪ್ಲಗಿನ್ ಬಳಸಿದ್ದೀರಾ?

ಕೋಲಾರದ ರೈತನ ಮಗ

ಟೇಬಲ್‌ಪ್ರೆಸ್.

ಚಿಂತಾಮಣಿ ಕೀಲಿಮಣೆ

ಹಾಗಾದರೆ ಗೊತ್ತಾಯಿತು. ಟೇಬಲ್‌ಪ್ರೆಸ್‌ನಲ್ಲಿ ಕೋಷ್ಟಕ ಬೇರೆ, ಪುಟ ಬೇರೆ. ಪುಟದಲ್ಲಿ ಇರುವುದು ಒಂದು ಶಾರ್ಟ್‌ಕೋಡ್ ಮಾತ್ರ. "ಇಲ್ಲಿ ಇಂಥ ನಂಬರಿನ ಕೋಷ್ಟಕ ತಂದು ತೋರಿಸು" ಅಂತ. ನೀವು ದಿನಾ ಕೋಷ್ಟಕ ತಿದ್ದುತ್ತೀರಿ, ಪುಟವನ್ನು ಮುಟ್ಟುವುದೇ ಇಲ್ಲ. ಪುಟದ ಲೆಕ್ಕದಲ್ಲಿ ಮೂರು ತಿಂಗಳಿಂದ ಏನೂ ಬದಲಾಗಿಲ್ಲ. ಪ್ಲಗಿನ್ ಹೇಳಿದ್ದು ನಿಜವೇ, ನಿಮಗೆ ಬೇಕಾದ ನಿಜ ಅದಲ್ಲ.

ಗೂಗಲ್ ಶೀಟ್ ಅಂಟಿಸಿದವರಿಗೂ ಇದೇ ಆಗುತ್ತದೆ. ಶೀಟಿನಲ್ಲಿ ಅಂಕಿ ಬದಲಾದರೆ ವರ್ಡ್‌ಪ್ರೆಸ್‌ಗೆ ತಿಳಿಯುವುದೇ ಇಲ್ಲ.

ನಿಮಗೆ ಸುಲಭದ ದಾರಿ ಇದೆ. ಟೇಬಲ್‌ಪ್ರೆಸ್‌ನಲ್ಲಿ ಟೇಬಲ್ ಇನ್ಫೋ ಅನ್ನುವ ಇನ್ನೊಂದು ಶಾರ್ಟ್‌ಕೋಡ್ ಇದೆ. ಅದಕ್ಕೆ ಕೋಷ್ಟಕದ ನಂಬರು ಕೊಟ್ಟು, ಫೀಲ್ಡ್ ಅನ್ನುವ ಜಾಗದಲ್ಲಿ ಲಾಸ್ಟ್ ಮಾಡಿಫೈಡ್ ಅಂತ ಕೊಡಿ. ನಡುವೆ ಅಂಡರ್‌ಸ್ಕೋರ್ ಇರಲಿ. ಆ ಕೋಷ್ಟಕ ಕೊನೆಗೆ ಬದಲಾದ ದಿನ ಬರುತ್ತದೆ. ರೇಟಿನ ಪುಟಕ್ಕೆ ಅದನ್ನು ಹಾಕಿ. ಉಳಿದ ಪುಟಗಳಿಗೆ ಮೊದಲಿನ ಪ್ಲಗಿನ್ ಇರಲಿ. ಒಂದೇ ಪುಟದಲ್ಲಿ ಎರಡೂ ಬೇಡ. ಎರಡು ತಾರೀಖು ಕಂಡರೆ ನೋಡುವವರಿಗೆ ಗೊಂದಲ.

ಕೆಜಿಎಫ್‌ನಿಂದ

ಇಷ್ಟೆಲ್ಲ ಯಾಕೆ? ಇವತ್ತಿನ ತಾರೀಖನ್ನು ಯಾವಾಗಲೂ ತೋರಿಸುವ ಶಾರ್ಟ್‌ಕೋಡ್ ಸಿಗುತ್ತದೆ. ಅದನ್ನು ಪುಟದ ಮೇಲೆ ಹಾಕಿಬಿಡಿ. ಗೂಗಲ್‌ನಲ್ಲೂ ಪುಟ ಹೊಸದು ಅಂತ ಮೇಲೆ ಬರುತ್ತದೆ ಅಂತ ಕೇಳಿದ್ದೇನೆ. ನಮ್ಮ ಅಂಗಡಿ ಸೈಟಿಗೆ ಹಾಗೆ ಮಾಡೋಣ ಅಂತಿದ್ದೆ.

ಕೋಲಾರದ ರೈತನ ಮಗ

ಬೇಡ ಅಣ್ಣ, ದಯವಿಟ್ಟು. ನನಗೆ ಜ್ವರ ಬಂದು ಎರಡು ದಿನ ರೇಟು ಹಾಕದೆ ಇದ್ದರೆ? ಮೊನ್ನೆಯ ರೇಟಿನ ಮೇಲೆ ಇವತ್ತಿನ ತಾರೀಖು ಕೂರುತ್ತದೆ. ತಾರೀಖೇ ಇಲ್ಲದಿದ್ದರೆ ಕೆಲವರಾದರೂ ಫೋನ್ ಮಾಡಿ ಕೇಳುತ್ತಾರೆ. ಇವತ್ತಿನ ತಾರೀಖು ಕಂಡರೆ ಕೇಳದೆ ಹಣ್ಣು ಬಿಡಿಸಿಬಿಡುತ್ತಾರೆ.

ಚಿಂತಾಮಣಿ ಕೀಲಿಮಣೆ

ಗೂಗಲ್ ವಿಷಯಕ್ಕೂ ಉತ್ತರ ಹೇಳುತ್ತೇನೆ. ಪುಟದಲ್ಲಿ ನಿಜವಾಗಿ ಏನೂ ಬದಲಿಸದೆ ಸುಮ್ನೆ ತಾರೀಖು ಹೊಸದು ಮಾಡಬೇಡಿ ಅಂತ ಗೂಗಲ್‌ನವರೇ ಹೇಳಿದ್ದಾರೆ. ಸೈಟ್‌ಮ್ಯಾಪಿನಲ್ಲಿ, ಅಂದರೆ ಗೂಗಲ್‌ಗೆ ಕೊಡುವ ಸೈಟಿನ ಪುಟಗಳ ಪಟ್ಟಿಯಲ್ಲಿ, ಪುಟ ಬದಲಾದ ದಿನ ಕೊಡುವ ಜಾಗ ಇದೆ. ಆ ತಾರೀಖು ನಿಜದ ಬದಲಾವಣೆಗೆ ಹೊಂದುತ್ತಿದ್ದರೆ ಮಾತ್ರ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕಣ್ಣಿಗೆ ಕಾಣುವ ತಾರೀಖೂ ಪುಟದೊಳಗೆ ಯಂತ್ರ ಓದುವ ತಾರೀಖೂ ಒಂದೇ ಆಗಿರಬೇಕು. ಇದನ್ನು ಮಾತ್ರ ಗಮನಿಸಿ.

ಕೆಜಿಎಫ್‌ನಿಂದ

ಸರಿ, ನನಗೆ ಆ ಕಡೆಯ ಯೋಚನೆ ಬಂದಿರಲಿಲ್ಲ. ಅಂಗಡಿ ಪುಟಕ್ಕೂ ಅದು ಬೇಡ. ರೇಟು ಬದಲಿಸಿದಾಗ ಬಂದ ತಾರೀಖೇ ಸಾಕು.

ನಂದಿ ದಾರಿ

ನನ್ನ ಅನುಭವ ಇದಕ್ಕೆ ಉಲ್ಟಾ. ಅದಕ್ಕೇ ಬರೆಯುತ್ತಿದ್ದೇನೆ.

ನಂದಿ ಬೆಟ್ಟದ ಬುಡದಲ್ಲಿ ನಮ್ಮದು ಒಂದು ಹೋಂಸ್ಟೇ. ಬೆಟ್ಟಕ್ಕೆ ಹೋಗುವವರಿಗಾಗಿ ಮಾಹಿತಿ ಪುಟಗಳನ್ನು ಇಟ್ಟಿದ್ದೇವೆ. 2021ರ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಹಾಳಾಯಿತು. ಆಗ "ರಸ್ತೆ ಬಂದ್ ಆಗಿದೆ, ಮೇಲೆ ಬಿಡುತ್ತಿಲ್ಲ" ಅಂತ ಒಂದು ಪುಟ ಹಾಕಿದೆ. ಡಿಸೆಂಬರಿನಲ್ಲಿ ಮತ್ತೆ ತೆರೆದರು. ಆ ಪುಟ ತೆಗೆಯಲು ಮರೆತೆ.

ಮುಂದಿನ ವರ್ಷ ಸೈಟಿನ ವರ್ಗಗಳನ್ನು ಸರಿಮಾಡಲು ಕೂತೆ. ಅರವತ್ತು ಪುಟ ಒಟ್ಟಿಗೆ ಆರಿಸಿ, ಬಲ್ಕ್ ಎಡಿಟ್‌ನಲ್ಲಿ ವರ್ಗ ಸೇರಿಸಿದೆ. ಬರಹದ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಆದರೆ ಅರವತ್ತು ಪುಟಕ್ಕೂ ಅವತ್ತಿನ ತಾರೀಖು ಬಂತು. ಬಂದ್ ಆಗಿದೆ ಅನ್ನುವ ಪುಟಕ್ಕೂ. ಪ್ಲಗಿನ್ ಅದನ್ನು ಎಲ್ಲರ ಮುಂದೆ ದಪ್ಪ ಅಕ್ಷರದಲ್ಲಿ ತೋರಿಸಿತು. ಎರಡು ಕುಟುಂಬ ನಮ್ಮಲ್ಲಿ ಬುಕ್ ಮಾಡಿದ್ದನ್ನು ರದ್ದು ಮಾಡಿದವು. ಒಬ್ಬ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬರುವವರಿದ್ದರು. ನನಗೆ ಈಗಲೂ ಬೇಸರ.

ಸೇವ್ ಬಟನ್ ಒತ್ತಿದರೆ ಸಾಕು, ವರ್ಡ್‌ಪ್ರೆಸ್ ತಾರೀಖು ಬದಲಿಸುತ್ತದೆ. ಅಲ್ಪವಿರಾಮ ಹಾಕಿದರೂ ಒಂದೇ, ಇಡೀ ಪುಟ ಹೊಸದಾಗಿ ಬರೆದರೂ ಒಂದೇ. ಹಾಗಾಗಿ ನಾನು ಈಗ ಎರಡು ಬೇರೆ ಮಾಡಿದ್ದೇನೆ. ಮಾಹಿತಿ ಪುಟಗಳಲ್ಲಿ ತಾನಾಗಿ ಬರುವ ತಾರೀಖು ತೋರಿಸುವುದಿಲ್ಲ. ಪ್ರತಿ ಪುಟಕ್ಕೂ ಒಂದು ಕಸ್ಟಮ್ ಫೀಲ್ಡ್, ಅಂದರೆ ನಾವೇ ತುಂಬುವ ಬೇರೆ ಜಾಗ, ಇಟ್ಟಿದ್ದೇನೆ, ಹೆಸರು "ವಿಚಾರಿಸಿದ ದಿನ". ಬೆಟ್ಟದ ಗೇಟಿನಲ್ಲಿ ಕೇಳಿಕೊಂಡು ಬಂದ ದಿನ ಮಾತ್ರ ಅದನ್ನು ಬದಲಿಸುತ್ತೇನೆ. ಓದುವವರಿಗೆ ಕಾಣುವುದು ಅದೊಂದೇ.

ಇನ್ನೊಂದು. ಸೈಟನ್ನು ಬೇರೆ ಕಡೆಗೆ ಸಾಗಿಸುವವರು ಗಮನಿಸಿ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಫೈಲ್ ತೆಗೆದು ಹೊಸ ಕಡೆ ಇಂಪೋರ್ಟ್ ಮಾಡಿದರೆ ಬದಲಾದ ದಿನ ಉಳಿಯುವುದಿಲ್ಲ, ಪ್ರಕಟವಾದ ದಿನವೇ ಅದರ ಜಾಗದಲ್ಲಿ ಕೂರುತ್ತದೆ. ಇಡೀ ಡೇಟಾಬೇಸ್ ನಕಲು ಮಾಡಿದರೆ ಉಳಿಯುತ್ತದೆ.

ಮುಳಬಾಗಿಲು ಮೇಷ್ಟ್ರು

ನಂದಿಯವರ ಮಾತು ನನಗೆ ಸರಿಯಾಗಿ ತಾಗಿತು. ತಿದ್ದಿದ ದಿನ ಬೇರೆ, ವಿಚಾರಿಸಿದ ದಿನ ಬೇರೆ.

ಕೋಲಾರದ ಕೆರೆಗಳ ಬಗ್ಗೆ ನಾನು 2016ರಲ್ಲಿ ಒಂದು ಪುಟ ಬರೆದಿದ್ದೆ. ಯಾವ ಕೆರೆ ಎಲ್ಲಿದೆ, ನೀರಿದೆಯಾ ಇಲ್ಲವಾ ಅಂತ. ಆಗ ಹೆಚ್ಚಿನವು ಒಣಗಿದ್ದವು. ಲಕ್ಷ್ಮೀಸಾಗರ ಕೆರೆ ಬತ್ತಿದೆ ಅಂತ ಬರೆದಿದ್ದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಆ ಕೆರೆಗೆ ಬಂತು. ಅಲ್ಲಿಂದ ಮುಂದಿನ ಕೆರೆಗಳಿಗೂ ಹರಿಯಿತು. ನನ್ನ ಪುಟ ಮಾತ್ರ ಬತ್ತಿದೆ ಅಂತಲೇ ಹೇಳುತ್ತಿತ್ತು. ಒಬ್ಬ ವಿದ್ಯಾರ್ಥಿನಿ ಅದನ್ನೇ ತನ್ನ ಪ್ರಾಜೆಕ್ಟಿಗೆ ಬರೆದುಕೊಂಡು ಬಂದಳು. ಅವಳ ಮನೆಯಿಂದ ಆ ಕೆರೆ ಎರಡು ಮೈಲಿ. "ಕೆರೆ ತುಂಬೈತೆ ಸಾರ್, ಆದ್ರೆ ನಿಮ್ದ್ರಲ್ಲಿ ಹಿಂಗೆ ಬರ್ದೈತೆ" ಅಂದಳು. ಕಣ್ಣಾರೆ ಕಂಡದ್ದನ್ನು ಬಿಟ್ಟು ಬರೆದಿದ್ದನ್ನು ನಂಬಿದ್ದಳು. ಪುಟದ ತಲೆಯಲ್ಲಿ "2016ರ ಬೇಸಿಗೆಯಲ್ಲಿ ನೋಡಿದ್ದು" ಅಂತ ಇದ್ದಿದ್ದರೆ ಬರಹ ತಪ್ಪೇ ಆಗುತ್ತಿರಲಿಲ್ಲ. ಆ ವರ್ಷದ ದಾಖಲೆಯಾಗಿ ಉಳಿಯುತ್ತಿತ್ತು.

ನಮ್ಮ ಸೀಮೆಯ ಶಾಸನಗಳಲ್ಲಿ ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಕೆತ್ತಿಸಿರುವುದನ್ನು ನೋಡಿರಬಹುದು. ಕೆರೆಗೆ ಭೂಮಿ ಬಿಟ್ಟವರು ಯಾವತ್ತು ಬಿಟ್ಟೆವು ಅಂತ ಹೇಳದೆ ಬಿಡುತ್ತಿರಲಿಲ್ಲ. ತಾರೀಖಿಲ್ಲದ ಶಾಸನ ಸಿಕ್ಕರೆ ತಿಳಿದವರು ಅಕ್ಷರದ ಆಕಾರ ನೋಡಿ ಇಂಥ ಶತಮಾನದ್ದಿರಬಹುದು ಅಂತ ಹೇಳಬೇಕು. ವೆಬ್ ಪುಟದ ಅಕ್ಷರ ನೋಡಿ ಯಾರೂ ಏನೂ ಹೇಳಲಾರರು.

ಈಗ ಮಾತಿನ ವಿಷಯ. "ನವೀಕರಿಸಲಾಗಿದೆ" ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾರು ನವೀಕರಿಸಿದ್ದು, ಏನನ್ನು? ರೇಟಿನ ಪುಟಕ್ಕೆ "ಈ ರೇಟು ಯಾವತ್ತಿನದು:" ಅಂತಲೇ ಹಾಕಿ. ಕೆರೆಯ ಪುಟಕ್ಕೆ "ಕೊನೆಗೆ ನೋಡಿ ಬಂದದ್ದು:". ಬರಹಕ್ಕೆ "ಕೊನೆಗೆ ತಿದ್ದಿದ್ದು:". ಪುಟದ ಸ್ವಭಾವಕ್ಕೆ ತಕ್ಕ ಮಾತು. ಸರ್ಕಾರಿ ಜಾಲತಾಣಗಳಿಗೆ 2009ರಿಂದ ಇರುವ ಮಾರ್ಗಸೂಚಿಯೂ ನವೀಕರಿಸಿದ ಅಥವಾ ಪರಿಶೀಲಿಸಿದ ದಿನ ತೋರಿಸಿ ಅನ್ನುತ್ತದೆ. ಎರಡೂ ಬೇರೆ ಅನ್ನುವುದು ಅವರಿಗೂ ಗೊತ್ತು.

ಹೂವಿನ ಮಂಡಿ

ಮೇಷ್ಟ್ರೇ, ಒಪ್ಪಿದೆ. ಜೊತೆಗೆ ವಾರದ ಹೆಸರೂ ಇರಲಿ. ನಮ್ಮ ಕಡೆ "ಸೋಮವಾರದ ರೇಟು" ಅಂತಲೇ ಮಾತಾಡುತ್ತಾರೆ.

05/06 ಅಂತ ಬರೀ ಅಂಕಿ ಹಾಕಬೇಡಿ. ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6. ಸೈಟಿನ ಭಾಷೆ ಕನ್ನಡ ಅಂತ ಇಟ್ಟರೆ ತಿಂಗಳು, ವಾರದ ಹೆಸರು ಕನ್ನಡದಲ್ಲೇ ಬರುತ್ತವೆ. ತಾರೀಖಿನ ಮಾದರಿ ಕೇಳುವ ಕಡೆ ಚಿಕ್ಕಕ್ಷರದ ಎಲ್, ಚಿಕ್ಕಕ್ಷರದ ಜೆ, ದೊಡ್ಡಕ್ಷರದ ಎಫ್, ದೊಡ್ಡಕ್ಷರದ ವೈ ಕೊಡಿ. ವಾರ, ದಿನ, ತಿಂಗಳು, ವರ್ಷ ಸಾಲಾಗಿ ಬರುತ್ತದೆ.

"2 ಗಂಟೆ ಹಿಂದೆ" ಅಂತ ತೋರಿಸುವ ಆಯ್ಕೆಯೂ ಇರುತ್ತದೆ. ನೋಡಲು ಚೆಂದ. ಆದರೆ ಪುಟದ ನಕಲು ಇಟ್ಟುಕೊಂಡು ಅದನ್ನೇ ತೋರಿಸುವ ಕ್ಯಾಶ್ ಪ್ಲಗಿನ್ ಇರುವ ಸೈಟಿನಲ್ಲಿ ಆ ಮಾತು ಹಾಗೇ ನಿಂತುಬಿಡುತ್ತದೆ. ಮರುದಿನ ನೋಡಿದರೂ 2 ಗಂಟೆ ಹಿಂದೆ ಅಂತಲೇ ಇರಬಹುದು. ಪೂರ್ತಿ ತಾರೀಖು ಹಾಕಿದರೆ ಆ ಭಯ ಇಲ್ಲ.

ತುಮಕೂರು ಹ್ಯೂಗೋ

ವರ್ಡ್‌ಪ್ರೆಸ್ ಬಳಸದವರಿಗೆ ಒಂದು ಮಾತು. ನಮ್ಮ ಬಡಾವಣೆಯ ಗ್ರಂಥಾಲಯದ ಸೈಟು ಹ್ಯೂಗೋ ಅನ್ನುವ ಇನ್ನೊಂದು ಸೈಟು ಕಟ್ಟುವ ತಂತ್ರಾಂಶದಲ್ಲಿದೆ, ಫೈಲುಗಳು ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿವೆ. ಫೈಲಿನ ತಾರೀಖನ್ನು ನಂಬಬೇಡಿ, ಹೊಸದಾಗಿ ಇಳಿಸಿಕೊಂಡ ಕ್ಷಣದ ಹೊತ್ತನ್ನೇ ಅದು ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಎನೇಬಲ್ ಗಿಟ್ ಇನ್ಫೋ ಆನ್ ಮಾಡಿದರೆ ಆ ಫೈಲಿನ ಕೊನೆಯ ಕಮಿಟ್ ದಿನ, ಅಂದರೆ ಬದಲಾವಣೆ ದಾಖಲಾದ ದಿನ, ಬರುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಸೈಟು ಕಟ್ಟುವವರು ಫೆಚ್ ಡೆಪ್ತ್ 0 ಅಂತ ಕೊಡಿ. ಕೊಡದಿದ್ದರೆ ಅದು ಕೊನೆಯ ಕಮಿಟ್ ಒಂದನ್ನೇ ತರುತ್ತದೆ, ಎಲ್ಲ ಪುಟಕ್ಕೂ ಒಂದೇ ತಾರೀಖು ಬರುತ್ತದೆ. ನಾನು ಅರ್ಧ ದಿನ ಇದಕ್ಕೇ ಕಳೆದೆ.

ಕೋಲಾರದ ರೈತನ ಮಗ

ಎಲ್ಲರೂ ಹೇಳಿದ್ದನ್ನು ಕೂತು ಮಾಡಿದೆ. ಹೇಗಾಯಿತು ಅಂತ ಬರೆಯುತ್ತೇನೆ.

ಟೇಬಲ್‌ಪ್ರೆಸ್‌ನ ಶಾರ್ಟ್‌ಕೋಡ್ ಕೆಲಸ ಮಾಡಿತು. ಮೊದಲು ಅದನ್ನು ಪುಟದ ಕೊನೆಯಲ್ಲಿ ಹಾಕಿದ್ದೆ. ಆಮೇಲೆ ಸ್ಕ್ರೀನ್‌ಶಾಟ್ ನೆನಪಾಯಿತು. ನಮ್ಮ ಜನ ಪುಟದ ಕೊಂಡಿ ಕಳಿಸುವುದಿಲ್ಲ, ರೇಟು ಇರುವಷ್ಟು ಜಾಗದ ಫೋಟೊ ಕಳಿಸುತ್ತಾರೆ. ಪುಟದ ಬುಡದಲ್ಲಿರುವ ತಾರೀಖು ಆ ಫೋಟೊದಲ್ಲಿ ಬರುವುದೇ ಇಲ್ಲ. ಅದಕ್ಕೆ ಕೋಷ್ಟಕದ ತಲೆಗೆ ಅಂಟಿದಂತೆ, ರೇಟಿನಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟೆ. "ಈ ರೇಟು ಯಾವತ್ತಿನದು:" ಅಂತ ಮೇಷ್ಟ್ರು ಹೇಳಿದ ಮಾತೇ. ರೇಟು ಕತ್ತರಿಸಿ ಕಳಿಸಿದರೂ ತಾರೀಖು ಜೊತೆಗೇ ಹೋಗುತ್ತದೆ. ಚಿಕ್ಕ ಫೋನಿನಲ್ಲಿ, ದೊಡ್ಡ ಫೋನಿನಲ್ಲಿ ಎರಡರಲ್ಲೂ ಸ್ಕ್ರೀನ್‌ಶಾಟ್ ತೆಗೆದು ನೋಡಿದೆ, ಬರುತ್ತದೆ.

ಇನ್ನೊಂದು ತೊಡಕು ಕಂಡಿತು. ಕೋಷ್ಟಕದಲ್ಲಿ ಕಾಗುಣಿತ ತಿದ್ದಿದರೂ ತಾರೀಖು ಹೊಸದಾಗುತ್ತದೆ. ನಂದಿಯವರು ಹೇಳಿದ್ದು ಇದೇ. ಹಾಗಾಗಿ ಒಂದು ಕಟ್ಟುಪಾಡು ಮಾಡಿಕೊಂಡೆ. ಅವತ್ತಿನ ಹರಾಜಿನ ರೇಟು ಕೈಯಲ್ಲಿಲ್ಲದೆ ಆ ಕೋಷ್ಟಕ ತೆರೆಯುವುದಿಲ್ಲ. ಬೇರೆ ತಿದ್ದುಪಡಿ ಏನಿದ್ದರೂ ಮರುದಿನದ ರೇಟಿನ ಜೊತೆಗೇ.

ಚಿಂತಾಮಣಿ ಕೀಲಿಮಣೆ

ಕ್ಯಾಶ್ ಪ್ಲಗಿನ್ ಇದ್ದರೆ ರೇಟು ಹಾಕಿದ ಮೇಲೆ ಒಮ್ಮೆ ಖಾಲಿ ಮಾಡಿ, ಬೇರೆ ಫೋನಿನಲ್ಲಿ ತೆರೆದು ನೋಡಿ. ಕೋಷ್ಟಕ ಬದಲಾದದ್ದು ಕೆಲವು ಕ್ಯಾಶ್‌ಗಳಿಗೆ ತಿಳಿಯುವುದಿಲ್ಲ.

ನಂದಿ ದಾರಿ

ಮಂಡಿಗೆ ರಜೆ ಇದ್ದ ದಿನ ಏನು ಮಾಡುತ್ತೀರಿ? ಹಳೇ ತಾರೀಖು ನೋಡಿ, ನೀವು ಮರೆತಿದ್ದೀರಿ ಅಂದುಕೊಂಡರೆ?

ಕೋಲಾರದ ರೈತನ ಮಗ

ಅದನ್ನು ಯೋಚಿಸಿರಲಿಲ್ಲ. ಒಳ್ಳೆಯ ಪ್ರಶ್ನೆ. ಅಂಕಿ ತೆಗೆದು "ಇವತ್ತು ಹರಾಜು ಇಲ್ಲ" ಅಂತ ಅದೇ ಕೋಷ್ಟಕದಲ್ಲಿ ಬರೆದರೆ ತಾರೀಖೂ ಸರಿಯಾಗುತ್ತದೆ. ಹಾಗೇ ಮಾಡುತ್ತೇನೆ.

ನಿನ್ನೆ ಚಿಕ್ಕಪ್ಪನ ಊರಿನ ಅದೇ ಯಜಮಾನರಿಗೆ ಫೋನ್ ಮಾಡಿ ಪುಟ ನೋಡಿ ಅಂದೆ. ಮೊಮ್ಮಗನ ಕೈಯಲ್ಲಿ ಓದಿಸಿದರು. ತಾರೀಖು, ವಾರ, ಆಮೇಲೆ ರೇಟು. ಎರಡು ಸಲ ಓದಿಸಿದರು. "ನಾಳೆ ಬಿಡಿಸಲ್ಲ, ಇನ್ನೆರಡು ದಿನ ನೋಡ್ತೀನಿ" ಅಂದರು.